ಇಬೇ ಹರಾಜಿನಲ್ಲಿ ಹಳೇ ನಾಣ್ಯ: ದುಡ್ಡಿಗೆ ಭದ್ರತೆ ಇದೆ, ದರಕ್ಕೆ ಇಲ್ಲ

ಹಳೇ ನಾಣ್ಯ ಕೂಡಿಡುವ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಆನ್‌ಲೈನ್ ಹರಾಜು ತಾಣ ಇಬೇಯನ್ನು ನಂಬಬಹುದಾ? ಇದಕ್ಕೆ ಹೌದು ಅಥವಾ ಇಲ್ಲ ಅಂತ ಹೇಳಿ ಮುಗಿಸಲು ಆಗುವುದಿಲ್ಲ, ಯಾಕೆಂದರೆ ಅದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಕೊಟ್ಟ ದುಡ್ಡು ಮುಳುಗುತ್ತದಾ ಅನ್ನುವುದು ಒಂದು. ಕೊಟ್ಟ ದರ ನ್ಯಾಯವಾದದ್ದಾ ಅನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ನನಗೆ ಧೈರ್ಯ ಇದೆ: ನಿಯಮ ತಿಳಿದುಕೊಂಡು ನಡೆದರೆ ದುಡ್ಡು ಮುಳುಗುವುದು ತೀರಾ ಕಡಿಮೆ. ಎರಡನೆಯದಕ್ಕೆ ಇಬೇ ಯಾವ ಭರವಸೆಯನ್ನೂ ಕೊಡುವುದಿಲ್ಲ. ಕೊಡುತ್ತದೆ ಅಂದುಕೊಂಡು ಹೋದವರು ಜಾಸ್ತಿ ತೆತ್ತು ಬರುತ್ತಾರೆ, ಎಷ್ಟೋ ಸಲ ತೆತ್ತಿದ್ದು ಅವರಿಗೆ ಗೊತ್ತೂ ಆಗುವುದಿಲ್ಲ.

ನಾನು ಕೊಳ್ಳುವುದು ಹೆಚ್ಚಾಗಿ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ, ಜೊತೆಗೆ ಮೈಸೂರು ಸಂಸ್ಥಾನದ ತಾಮ್ರದ ಕಾಸು. ಆದ್ದರಿಂದ ಈ ವಿಮರ್ಶೆ ಇಬೇಯ ಹರಾಜು ವಿಭಾಗದ್ದು, ಅದರಲ್ಲೂ ನಾಣ್ಯಗಳದ್ದು. ಅಲ್ಲಿ ನಿಗದಿತ ಬೆಲೆಗೆ ಮಾರುವ ಮೊಬೈಲ್ ಕವರು, ಬೂಟು, ಬಿಡಿಭಾಗಗಳ ಬಗ್ಗೆ ನಾನು ಹೇಳುತ್ತಿಲ್ಲ.

ಹಿನ್ನೆಲೆ ಸ್ವಲ್ಪ ಬೇಕು. ಪಿಯರ್ ಒಮಿಡ್ಯಾರ್ ಇದನ್ನು ಶುರು ಮಾಡಿದ್ದು 1995ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆಗ ಹೆಸರು ಆಕ್ಷನ್‌ವೆಬ್. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ನಮ್ಮಲ್ಲಿಗೆ ಬಂದದ್ದು 2004ರಲ್ಲಿ, ಬಾಝೀ ಡಾಟ್ ಕಾಮ್ ಅನ್ನುವ ಭಾರತದ ಕಂಪನಿಯನ್ನು ಕೊಂಡುಕೊಂಡು. ಆ ಕಾಲದ ಇಬೇ ಇಂಡಿಯಾ ಬಳಸಿದವರಿಗೆ ಪೈಸಾಪೇ ನೆನಪಿರಬೇಕು. ಕೊಳ್ಳುವವರು ಕಟ್ಟಿದ ದುಡ್ಡು ನೇರವಾಗಿ ಮಾರುವವರ ಕೈಗೆ ಹೋಗುತ್ತಿರಲಿಲ್ಲ, ಸಾಮಾನು ತಲುಪುವವರೆಗೆ ನಡುವೆ ನಿಲ್ಲುತ್ತಿತ್ತು. ಮುಖ ನೋಡದ ಇಬ್ಬರ ನಡುವೆ ವ್ಯಾಪಾರ ನಡೆಯಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. 2017ರಲ್ಲಿ ಇಬೇಯ ಭಾರತದ ವ್ಯವಹಾರ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು, 2018ರ ಆಗಸ್ಟ್ 14ಕ್ಕೆ ಭಾರತದ ಇಬೇ ನಿಂತುಹೋಯಿತು. ಇಲ್ಲಿನ ಸಣ್ಣ ಪುಟ್ಟ ಸಂಗ್ರಾಹಕರಿಗೆ ಅದು ನಿಜಕ್ಕೂ ನಷ್ಟ. ಶಿವಮೊಗ್ಗದವರು ಇಟ್ಟ ನಾಣ್ಯವನ್ನು ಧಾರವಾಡದವರು ಕೂಗಿ ಕೊಳ್ಳುವ, ನಡುವೆ ದುಡ್ಡಿಗೆ ಒಂದು ಕಾವಲೂ ಇರುವ ಜಾಗ ಅದಾಗಿತ್ತು. ಈಗ ಉಳಿದಿರುವುದು ಹೊರದೇಶದ ಇಬೇ. ಡಾಲರು ಅಥವಾ ಪೌಂಡಿನಲ್ಲಿ ಬಿಡ್ ಹಾಕಬೇಕು, ಅಂದರೆ ದರ ಕೂಗಬೇಕು, ಅಂತರರಾಷ್ಟ್ರೀಯ ಪಾವತಿಗೆ ತೆರೆದ ಕಾರ್ಡ್ ಇರಬೇಕು, ಭಾರತಕ್ಕೆ ಕಳಿಸಲು ಒಪ್ಪುವ ಮಾರಾಟಗಾರರು ಸಿಗಬೇಕು. ಒಪ್ಪದವರೇ ಬಹಳ.

ಈಗ ಹರಾಜು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಬರುತ್ತೇನೆ, ಯಾಕೆಂದರೆ ನ್ಯಾಯ ಅನ್ಯಾಯ ಎಲ್ಲ ಇರುವುದು ಅಲ್ಲೇ. ಇಬೇಯಲ್ಲಿ ನೀವು ಒಂದೊಂದೇ ರೂಪಾಯಿ ಏರಿಸಿ ಕೂಗಬೇಕಾಗಿಲ್ಲ. ನಿಮ್ಮ ಮಿತಿ ಎಷ್ಟು ಅಂತ ಒಂದು ಸಲ ಹೇಳಿಟ್ಟರೆ ಸಾಕು, ಉಳಿದದ್ದನ್ನು ಯಂತ್ರವೇ ಕೂಗುತ್ತದೆ. ನಾನು 80 ಡಾಲರ್ ಮಿತಿ ಇಟ್ಟೆ ಅಂದುಕೊಳ್ಳಿ, ಇನ್ನೊಬ್ಬರು 52 ಇಟ್ಟರು. ಆ ಮಟ್ಟದಲ್ಲಿ ಏರಿಕೆ ಒಂದು ಡಾಲರ್, ಹಾಗಾಗಿ ನಾಣ್ಯ 53 ಡಾಲರಿಗೆ ನನಗೆ ಬರುತ್ತದೆ. 80 ಅನ್ನುವುದು ಗುಟ್ಟಾಗಿಯೇ ಉಳಿಯುತ್ತದೆ. ಗೆದ್ದವರು ಎರಡನೆಯವರ ಮಿತಿಗಿಂತ ಒಂಚೂರು ಜಾಸ್ತಿ ಕೊಟ್ಟರೆ ಸಾಕು. ಈ ಬಗೆಯ ಹರಾಜಿನ ಗುಣವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ವಿವರಿಸಿದ್ದರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಇದರ ಗುಣ ಏನೆಂದರೆ, ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಹೇಳುವುದು ನಿಮಗೆ ಲಾಭ. ಸುಳ್ಳು ಹೇಳಬೇಕಾದ ಕಾರಣವೇ ಇರುವುದಿಲ್ಲ. ಬಹಳ ಚೆನ್ನಾದ ನಿಯಮ.

ಆದರೆ ಅದು ಚೆನ್ನಾಗಿರುವುದು ಎರಡನೆಯವರು ನಿಜವಾದ ಗಿರಾಕಿ ಆಗಿದ್ದಾಗ ಮಾತ್ರ. ಆ 52 ಡಾಲರಿನವರು ಮಾರುವವರ ಭಾವಮೈದುನ ಆಗಿದ್ದರೆ? ಅಥವಾ ಮಾರುವವರೇ ಇನ್ನೊಂದು ಹೆಸರಿನಲ್ಲಿ ಬಂದಿದ್ದರೆ? ಆಗ ಅವರು 54, 58, 65, 72, 79 ಅಂತ ಏರಿಸುತ್ತಾ ನನ್ನ ಮಿತಿಯನ್ನು ತಡಕಾಡುತ್ತಾರೆ. ನಾನು ನಂಬಿ ಹೇಳಿಟ್ಟ 80 ಅನ್ನುವ ಸಂಖ್ಯೆಯೇ ನನಗೆ ಮುಳುವಾಗುತ್ತದೆ. ನಾಣ್ಯ ಅಸಲಿಯೇ ಬರುತ್ತದೆ, ಹೇಳಿದ ಹಾಗೆಯೇ ಇರುತ್ತದೆ, ಹೊತ್ತಿಗೆ ಸರಿಯಾಗಿ ತಲುಪುತ್ತದೆ, ನಾನು ಖುಷಿಯಿಂದ ಐದು ನಕ್ಷತ್ರವನ್ನೂ ಕೊಡುತ್ತೇನೆ. 53ರ ಬದಲು 80 ಕೊಟ್ಟು 27 ಡಾಲರ್ ಕಳೆದುಕೊಂಡಿದ್ದೇನೆ ಅನ್ನುವುದು ಎಲ್ಲೂ ದಾಖಲಾಗುವುದಿಲ್ಲ. ಇಬೇಯಲ್ಲಿ ನನಗೆ ಅತಿ ಸಿಟ್ಟು ಬರಿಸುವ ವಿಷಯ ಇದು, ಯಾಕೆಂದರೆ ಇಲ್ಲಿ ದಂಡ ತೆರುವವರು ಪ್ರಾಮಾಣಿಕವಾಗಿ ತಮ್ಮ ಮಿತಿ ಹೇಳಿದವರೇ.

ಇದು ಬರೀ ಅನುಮಾನದ ಮಾತಲ್ಲ. 2000ದಲ್ಲಿ ಒಂದು ದೊಡ್ಡ ಪ್ರಕರಣ ನಡೆಯಿತು. ಕ್ಯಾಲಿಫೋರ್ನಿಯಾದ ಒಬ್ಬ ವಕೀಲ ಒಂದು ಬಣ್ಣದ ಚಿತ್ರವನ್ನು 25 ಸೆಂಟಿನಿಂದ ಹರಾಜಿಗಿಟ್ಟ. ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡದ್ದು ಅಂತ ಕಥೆ ಕಟ್ಟಿದ್ದ. ರಿಚರ್ಡ್ ಡೀಬೆನ್‌ಕಾರ್ನ್ ಎಂಬ ದೊಡ್ಡ ಕಲಾವಿದರ ಚಿತ್ರ ಇರಬಹುದು ಅಂತ ನೋಡಿದವರು ತಾವೇ ಊಹಿಸಿಕೊಂಡು ಕೂಗಿದರು, ಕೂಗು 1,35,805 ಡಾಲರಿಗೆ ಹೋಯಿತು. ಆಮೇಲೆ ಗೊತ್ತಾದದ್ದು, ಅವನೂ ಅವನ ಗೆಳೆಯರೂ ಬೇರೆ ಬೇರೆ ಹೆಸರಿನಲ್ಲಿ ಪರಸ್ಪರರ ಹರಾಜುಗಳಲ್ಲಿ ಬಿಡ್ ಹಾಕಿ ಏರಿಸುತ್ತಿದ್ದರು ಅಂತ. ಇಬೇ ಆ ಮಾರಾಟ ರದ್ದು ಮಾಡಿತು, ವಕೀಲ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಅದು ಸಿಕ್ಕಿಬಿದ್ದದ್ದು ಅಷ್ಟು ದೊಡ್ಡ ಮೊತ್ತಕ್ಕೆ ಹೋಗಿ ಪತ್ರಿಕೆಯವರ ಕಣ್ಣಿಗೆ ಬಿದ್ದದ್ದರಿಂದ. 60 ಡಾಲರಿನ ರೂಪಾಯಿ ನಾಣ್ಯದ ಮೇಲೆ ಯಾರ ಕಣ್ಣು ಬೀಳಬೇಕು ಹೇಳಿ.

ಮೊದಲೆಲ್ಲ ಬಿಡ್ ಹಾಕಿದವರ ಹೆಸರು ಎಲ್ಲರಿಗೂ ಕಾಣುತ್ತಿತ್ತು. ಈಗ ಕಾಣುವುದಿಲ್ಲ. ಎರಡು ಅಕ್ಷರ, ನಡುವೆ ಮೂರು ನಕ್ಷತ್ರದ ಗುರುತು, ಅಷ್ಟೇ. ಮೋಸಗಾರರು ಸೋತ ಬಿಡ್ಡರುಗಳನ್ನು ಹುಡುಕಿ ಸುಳ್ಳು ಇಮೇಲ್ ಕಳಿಸುತ್ತಾರೆ, ಅದನ್ನು ತಡೆಯಲು ಹೀಗೆ ಅನ್ನುವುದು ಇಬೇಯ ವಾದ. ವಾದದಲ್ಲಿ ಸತ್ಯ ಇದೆ. ಆದರೆ ಅದೇ ಪರದೆಯ ಹಿಂದೆ ಸುಳ್ಳು ಕೂಗುವವರಿಗೂ ನೆರಳು ಸಿಕ್ಕಿತು. ಹಳಬರು ಒಂದೇ ಹೆಸರು ಪದೇ ಪದೇ ಬಂದು ಸೋಲುವುದನ್ನು ನೋಡಿ ಒಬ್ಬರಿಗೊಬ್ಬರು ಎಚ್ಚರಿಕೆ ಹೇಳುತ್ತಿದ್ದರು, ಅದು ನಿಂತಿತು.

ಪೂರ್ತಿ ಕುರುಡಾಗಿಯೇನೂ ಇರಬೇಕಾಗಿಲ್ಲ. ಬಿಡ್‌ಗಳ ಇತಿಹಾಸ ತೆರೆದು ಹೆಸರಿನ ಮೇಲೆ ಒತ್ತಿದರೆ ಆ ವ್ಯಕ್ತಿಯ ಬಿಡ್‌ಗಳಲ್ಲಿ ಎಷ್ಟು ಪಾಲು ಇದೇ ಮಾರಾಟಗಾರರ ಹತ್ತಿರ ಅನ್ನುವ ಶೇಕಡಾವಾರು ಸಿಗುತ್ತದೆ. ಬಿಡ್ ವಾಪಸ್ ತೆಗೆದುಕೊಂಡಿದ್ದಾರಾ ಅನ್ನುವುದೂ ಸಿಗುತ್ತದೆ. ಹೊಸ ಖಾತೆ, ಹತ್ತಕ್ಕೆ ಒಂಬತ್ತು ಬಿಡ್ ಒಬ್ಬರೇ ಮಾರಾಟಗಾರರಿಗೆ, ಗೆದ್ದದ್ದು ಕಾಣೆ, ಆಗಾಗ ವಾಪಸ್ ತೆಗೆದುಕೊಂಡ ಗುರುತು. ಇಷ್ಟು ಒಟ್ಟಿಗೆ ಕಂಡರೆ ನಾನು ಆ ಕಡೆ ಹೋಗುವುದಿಲ್ಲ. ಇನ್ನೊಂದು ಗುರುತು: ನೀವು ಸೋತ ಮೇಲೆ ‘ಗೆದ್ದವರು ದುಡ್ಡು ಕಟ್ಟಲಿಲ್ಲ, ನೀವು ಹಾಕಿದ್ದ ಮೊತ್ತಕ್ಕೇ ಕೊಡುತ್ತೇನೆ’ ಅಂತ ಮಾರಾಟಗಾರರಿಂದ ಎರಡನೇ ಅವಕಾಶದ ಆಹ್ವಾನ ಬರುತ್ತದೆ. ಕೆಲವು ಸಲ ಇದು ನಿಜವೇ ಇರುತ್ತದೆ, ದುಡ್ಡು ಕಟ್ಟದ ಗಿರಾಕಿಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಏರಿಸಲು ಬಂದವರು ಅಂದಾಜು ತಪ್ಪಿ ತಾವೇ ಗೆದ್ದುಬಿಟ್ಟರೆ ಮಾರುವವರಿಗೆ ಉಳಿಯುವ ದಾರಿಯೂ ಇದೇ. ಅಂಥ ಆಹ್ವಾನ ಬಂದಾಗ ನಾನು ಸುಳ್ಳು ಕೂಗು ಇಲ್ಲದಿದ್ದರೆ ಎಷ್ಟಕ್ಕೆ ನಿಲ್ಲುತ್ತಿತ್ತು ಅಂತ ಇತಿಹಾಸ ನೋಡಿ ಲೆಕ್ಕ ಹಾಕಿ, ಆ ಮೊತ್ತ ಕೇಳುತ್ತೇನೆ. ಒಪ್ಪದಿದ್ದರೆ ಬಿಟ್ಟುಬಿಡುವುದು.

ಕೊನೇ ಕ್ಷಣದ ಬಿಡ್ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಊರಲ್ಲಿ ಗಣಪತಿ ಲಡ್ಡು ಹರಾಜು ಹಾಕುವಾಗ ‘ಒಂದು ಸಲ, ಎರಡು ಸಲ’ ಅಂತ ಕೂಗಿ ಯಾರಾದರೂ ಬಾಯಿ ತೆರೆಯುತ್ತಾರಾ ಅಂತ ಕಾಯುತ್ತಾರೆ, ಆಮೇಲೆ ‘ಮೂರು ಸಲ’. ಇಬೇಯಲ್ಲಿ ಆ ಕಾಯುವಿಕೆ ಇಲ್ಲ. ಗಡಿಯಾರ ಸೊನ್ನೆ ತಲುಪಿದರೆ ಮುಗಿಯಿತು. ಹಾಗಾಗಿ ಬಲ್ಲವರೆಲ್ಲ ಕೊನೆಯ ಐದು ಹತ್ತು ಸೆಕೆಂಡಿಗೆ ಕಾದಿದ್ದು ಬಂದು ಬಿಡ್ ಹಾಕುತ್ತಾರೆ, ಅದಕ್ಕೆಂದೇ ಸಾಫ್ಟ್‌ವೇರ್‌ಗಳೂ ಇವೆ. ಏಳು ದಿನದಿಂದ ಮುಂದಿದ್ದವರು ಕಣ್ಣು ಮಿಟುಕಿಸುವುದರಲ್ಲಿ ಸೋಲುತ್ತಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇಯನ್ನೂ ಆಗ ಅಮೆಜಾನ್ ನಡೆಸುತ್ತಿದ್ದ ಹರಾಜನ್ನೂ ಹೋಲಿಸಿದ್ದರು. ಅಮೆಜಾನ್ ಹರಾಜಿನಲ್ಲಿ ಕೊನೆಯಲ್ಲಿ ಬಿಡ್ ಬಂದರೆ ಹೊತ್ತು ತಾನಾಗಿ ಹತ್ತು ನಿಮಿಷ ಮುಂದೆ ಹೋಗುತ್ತಿತ್ತು. ಕೊನೇ ಕ್ಷಣದ ಬಿಡ್ ಇಬೇಯಲ್ಲಿ ತುಂಬಿತ್ತು, ಅಮೆಜಾನಿನಲ್ಲಿ ಬಹಳ ಕಡಿಮೆ. ಜನ ಒಂದೇ, ನಿಯಮ ಬೇರೆ, ನಡವಳಿಕೆ ಬೇರೆ.

ಕೊನೆಯಲ್ಲಿ ಬಂದು ಹಾಕುವುದನ್ನು ಮೋಸ ಅಂತ ಬಯ್ಯುವವರ ಜೊತೆ ನಾನು ಸೇರುವುದಿಲ್ಲ. ನಿಮ್ಮ ನಿಜವಾದ ಮಿತಿ ಮೊದಲೇ ಹಾಕಿಟ್ಟಿದ್ದರೆ ಅವರು ಯಾವಾಗ ಬಂದರೂ ನಿಮ್ಮನ್ನು ಮೀರಿ ಕೊಡಲೇಬೇಕು. ಅದಕ್ಕಿಂತ ಮುಖ್ಯವಾಗಿ, ಸುಳ್ಳು ಕೂಗುವವರ ವಿರುದ್ಧ ಕೊಳ್ಳುವವರ ಕೈಯಲ್ಲಿರುವ ಒಂದೇ ಆಯುಧ ಇದು. ಕೊನೆಯ ಸೆಕೆಂಡಿನಲ್ಲಿ ಬಂದ ಬಿಡ್‌ನ ಆಳ ಎಷ್ಟು ಅಂತ ತಡಕಾಡಲು ಅವರಿಗೆ ಹೊತ್ತೇ ಸಿಗುವುದಿಲ್ಲ. ಹಾಗಾಗಿ ನಾನು ಈಗ ಹಾಕುವುದು ಕೊನೆಯಲ್ಲೇ, ಒಂದೇ ಬಿಡ್, ನನ್ನ ಪೂರ್ತಿ ಮಿತಿ. ಬರೆದಿಟ್ಟ ಮಿತಿಯ ಮೇಲೆ ಒಂದು ಡಾಲರೂ ಏರಿಸುವುದಿಲ್ಲ. ಆದರೂ ಇಬೇ ಹೊತ್ತು ಮುಂದೆ ಹೋಗುವ ನಿಯಮ ತಂದು, ಬಿಡ್ ಹಾಕುವವರ ಗುರುತನ್ನು ಇನ್ನಷ್ಟು ಗಟ್ಟಿಯಾಗಿ ಪರಿಶೀಲಿಸಿದರೆ ಅದೇ ಹೆಚ್ಚು ನ್ಯಾಯ. ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಕೆಲಸ ಇಲ್ಲಿನವರಿಗೆ ತಪ್ಪುತ್ತದೆ.

ಇನ್ನು ಮಾರುವವರ ಅಂಕ, ಅದೇ ಫೀಡ್‌ಬ್ಯಾಕ್. 1996ರಿಂದ ಇದೆ, ಇವತ್ತು ಆನ್‌ಲೈನಿನಲ್ಲಿ ಎಲ್ಲೆಲ್ಲೂ ಕಾಣುವ ನಕ್ಷತ್ರಗಳ ಹಿರಿಯಣ್ಣ. ಇದಕ್ಕೆ ನಿಜಕ್ಕೂ ಬೆಲೆ ಇದೆ. ಮಿಶಿಗನ್ ವಿಶ್ವವಿದ್ಯಾಲಯದ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದ್ದರು. ಒಳ್ಳೆಯ ಹೆಸರಿದ್ದ ಒಬ್ಬ ಹಳೇ ಪೋಸ್ಟ್‌ಕಾರ್ಡ್ ವ್ಯಾಪಾರಿ ಒಂದೇ ತರಹದ ಕಾರ್ಡುಗಳನ್ನು ತನ್ನ ಹಳೇ ಖಾತೆಯಲ್ಲೂ ಹೊಸ ಖಾತೆಗಳಲ್ಲೂ ಮಾರಿದ. ಹಳೇ ಖಾತೆಗೆ ಸರಾಸರಿ 8.1 ಶೇಕಡ ಜಾಸ್ತಿ ಬೆಲೆ ಕೊಡಲು ಜನ ಒಪ್ಪಿದ್ದರು. ಅಂದರೆ ಹೆಸರು ಕೆಡಿಸಿಕೊಳ್ಳದೆ ಇರುವುದರಿಂದ ಮಾರುವವರಿಗೆ ಕೈಗೆ ಹತ್ತುವ ಲಾಭ ಇದೆ. 2008ರಲ್ಲಿ ಇಬೇ ಇನ್ನೊಂದು ಬದಲಾವಣೆ ಮಾಡಿತು: ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವಂತಿಲ್ಲ. ಅದಕ್ಕೂ ಮೊದಲು ‘ನೀನು ನನಗೆ ಕೆಟ್ಟದು ಬರೆದರೆ ನಾನೂ ಬರೆಯುತ್ತೇನೆ’ ಅನ್ನುವ ಹೆದರಿಕೆಗೆ ಜನ ಬಾಯಿ ಮುಚ್ಚಿಕೊಂಡು ಇರುತ್ತಿದ್ದರು. ಆ ಹೆದರಿಕೆ ಹೋಯಿತು, ಒಳ್ಳೆಯದಾಯಿತು. ಆದರೆ ತಕ್ಕಡಿ ಆ ಕಡೆ ವಾಲಿತು ಅನ್ನುವ ಮಾರಾಟಗಾರರ ದೂರನ್ನೂ ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಅಂಕ ಓದುವಾಗ ಎರಡು ಮಾತು. 99.7 ಶೇಕಡ ಒಳ್ಳೆಯ ಅಭಿಪ್ರಾಯ ಅಂತ ಅಲ್ಲಿ ತೋರಿಸುವುದು ಕಳೆದ ಹನ್ನೆರಡು ತಿಂಗಳದ್ದು ಮಾತ್ರ. ಮತ್ತು ಅದು ಯಾವ ಸಾಮಾನಿಗೆ ಸಿಕ್ಕಿದ್ದು ಅನ್ನುವುದನ್ನು ನೋಡಲೇಬೇಕು. ಐದು ಡಾಲರಿನ ಸ್ಟಿಕರು, ಗುಂಡಿ, ಅಂಚೆ ಚೀಟಿ ಮಾರಿ ಗಳಿಸಿದ ಹೆಸರನ್ನು ಮುನ್ನೂರು ಡಾಲರಿನ ನಾಣ್ಯಕ್ಕೆ ಜಾಮೀನು ಅಂತ ತೆಗೆದುಕೊಳ್ಳಬಾರದು. ನಾನು ಶೇಕಡಾವಾರು ಬಿಟ್ಟು ನೇರವಾಗಿ ಕೆಟ್ಟ ಅಭಿಪ್ರಾಯಗಳನ್ನು ಓದುತ್ತೇನೆ, ಅದಕ್ಕಿಂತ ಹೆಚ್ಚಾಗಿ ಅದಕ್ಕೆ ಮಾರುವವರು ಕೊಟ್ಟ ಉತ್ತರ ಓದುತ್ತೇನೆ. ತಪ್ಪಾಗಿದೆ, ದುಡ್ಡು ವಾಪಸ್ ಕೊಟ್ಟಿದ್ದೇನೆ ಅಂತ ಬರೆದವರ ಹತ್ತಿರ ಧೈರ್ಯವಾಗಿ ಕೊಳ್ಳಬಹುದು. ಗಿರಾಕಿಗೇ ಬಯ್ದವರ ಹತ್ತಿರ ಬೇಡ.

ಇಷ್ಟು ಹೊತ್ತು ದರದ ಮಾತಾಯಿತು. ನಾಣ್ಯ ಅಸಲಿಯಾ ಅನ್ನುವುದು ಇನ್ನೊಂದು ಕಥೆ. ಒಂದು ವ್ಯವಹಾರ ಹೇಳುತ್ತೇನೆ. ಆರನೇ ಜಾರ್ಜ್ ದೊರೆಯ 1939ರ ಒಂದು ರೂಪಾಯಿ ನಮ್ಮ ವಲಯದಲ್ಲಿ ಬಹಳ ಬೇಡಿಕೆ ಇರುವ ನಾಣ್ಯ. 91.7 ಶೇಕಡ ಬೆಳ್ಳಿಯ ರೂಪಾಯಿಗಳಲ್ಲಿ ಅದು ಕೊನೆಯದು, 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಸಿಗುವುದೂ ಅಪರೂಪ. ಅದೇ ಅಚ್ಚಿನ 1938ರದ್ದು ಅಷ್ಟು ಅಪರೂಪವಲ್ಲ. ಹಾಗಾಗಿ ಎಂಟನ್ನು ಒಂಬತ್ತು ಮಾಡುವ ಕೈಚಳಕ ಹಳೆಯದು. ನನಗೆ ಹೊರದೇಶದ ಒಬ್ಬ ಮಾರಾಟಗಾರರಿಂದ ಬಂದದ್ದು ಅಂಥದ್ದೇ. ಚಿತ್ರದಲ್ಲಿ ಇಸವಿಯ ಜಾಗಕ್ಕೆ ಬೆಳಕು ಬಿದ್ದು ಹೊಳೆಯುತ್ತಿತ್ತು. ಕೈಗೆ ಬಂದ ಮೇಲೆ ತೂಗಿದರೆ 11.6 ಗ್ರಾಂ ಮೇಲೆಯೇ ಇದೆ, ಅಗಲ ಸರಿ, ಅಂಚಿನ ಗೆರೆ ಸರಿ, ಸದ್ದೂ ಬೆಳ್ಳಿಯದ್ದೇ. ಇರಲೇಬೇಕು ಅಲ್ವಾ, ನಾಣ್ಯ ಅಸಲಿಯೇ, ಇಸವಿ ಮಾತ್ರ ಸುಳ್ಳು. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದಾಗ ಕೊನೆಯ ಅಂಕಿಯ ಸುತ್ತ ಮೈ ಉಜ್ಜಿದ ಗುರುತು, ಒಂಬತ್ತರ ಬಾಲ ಉಳಿದ ಅಂಕಿಗಳಿಗಿಂತ ತೆಳು.

ಇಬೇಯ ನಿಯಮ ಇಲ್ಲಿ ಚೆನ್ನಾಗಿ ಕೆಲಸ ಮಾಡಿತು. ಹೇಳಿದಂತೆ ಇಲ್ಲ ಅಂತ ತಲುಪಿದ 30 ದಿನದ ಒಳಗೆ ದೂರು ಹಾಕಬೇಕು. ಹಾಕಿದೆ. ಮಾರಾಟಗಾರರು ಮೊದಲು ತಮ್ಮ ಮೂವತ್ತು ವರ್ಷದ ಅನುಭವದ ಬಗ್ಗೆ ಬರೆದರು, ಆಮೇಲೆ ಅರ್ಧ ದುಡ್ಡು ಕೊಡುತ್ತೇನೆ ದೂರು ಮುಚ್ಚಿ ಅಂದರು. ನಾನು ಮಸೂರದಲ್ಲಿ ತೆಗೆದ ಚಿತ್ರ, ಪಕ್ಕದಲ್ಲಿ ಅಸಲಿ ನಾಣ್ಯದ ಇಸವಿಯ ಚಿತ್ರ, ಎರಡನ್ನೂ ಹಾಕಿ ಇಬೇಯೇ ತೀರ್ಮಾನ ಮಾಡಲಿ ಅಂತ ಬಿಟ್ಟೆ. ವಾಪಸ್ ಕಳಿಸುವ ಖರ್ಚೂ ಅವರದೇ, ಪೂರ್ತಿ ದುಡ್ಡು ಕಾರ್ಡಿಗೆ ಬಂತು. ಇದೇ ಕಾರಣಕ್ಕೆ ದುಡ್ಡಿನ ಭದ್ರತೆಗೆ ನಾನು ಒಳ್ಳೆಯ ಅಂಕ ಕೊಡುವುದು. ಆದರೆ ಗಮನಿಸಿ, ನಾಣ್ಯ ಸುಳ್ಳು ಅಂತ ಕಂಡುಹಿಡಿದದ್ದು ಇಬೇಯಲ್ಲ. ಮಸೂರ ಇಟ್ಟು ನೋಡದವರ ಡಬ್ಬಿಯಲ್ಲಿ ಅಂಥ ಎಷ್ಟು 1939 ಕೂತಿವೆಯೋ. ಮತ್ತು ದೂರು ಮುಚ್ಚಿ, ದುಡ್ಡು ಹೊರಗಿನಿಂದ ಕಳಿಸುತ್ತೇನೆ ಅಂತ ಯಾರೇ ಹೇಳಿದರೂ ಒಪ್ಪಬೇಡಿ. ಮುಚ್ಚಿದ ದೂರನ್ನು ಮತ್ತೆ ತೆರೆಯಲು ಬಿಡುವುದಿಲ್ಲ.

ನಕಲಿ ನಾಣ್ಯ ಮಾರುವುದನ್ನು ಇಬೇ ನಿಷೇಧಿಸಿದೆ, ಅಮೆರಿಕದಲ್ಲಿ 1973ರಿಂದಲೇ ನಕಲು ನಾಣ್ಯದ ಮೇಲೆ ಅದು ನಕಲು ಅಂತ ಅಚ್ಚು ಹಾಕಬೇಕೆಂಬ ಕಾನೂನೂ ಇದೆ. ಆದರೂ ಬರುತ್ತಲೇ ಇರುತ್ತವೆ. ವಿಕ್ಟೋರಿಯಾ ರಾಣಿಯ ರೂಪಾಯಿ ಅಂತ ಬಿಳಿ ಲೋಹದ್ದು ಬರುತ್ತದೆ, ಅದಕ್ಕೆ ತಕ್ಕಡಿಯೇ ಸಾಕು, 11.66 ಗ್ರಾಂ ಇರಬೇಕಾದದ್ದು ಒಂದೂವರೆ ಎರಡು ಗ್ರಾಂ ಕಡಿಮೆ ಬರುತ್ತದೆ. ಮಾರುವವರನ್ನು ಬಿಡ್ ಹಾಕುವ ಮೊದಲೇ ತೂಕ ಕೇಳಿ. ತೂಕ ಹೇಳಲು ಹಿಂದೆಮುಂದೆ ನೋಡುವವರ ಲಾಟ್, ಅಂದರೆ ಹರಾಜಿಗಿಟ್ಟ ಸಾಮಾನು, ಬಿಟ್ಟುಬಿಡಿ. ಇನ್ನು ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಅಂತ ಬರೆದು ರಾಮ ಪಟ್ಟಾಭಿಷೇಕವೋ ಹನುಮಂತನೋ ಇರುವ ನಾಣ್ಯ. ನಮ್ಮ ಕಡೆ ಎಷ್ಟೋ ಮನೆಯ ದೇವರ ಕೋಣೆಯಲ್ಲಿ ಇದು ಇದೆ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಪೂಜೆಗೆ ಇಟ್ಟುಕೊಳ್ಳಲು ಯಾವ ತೊಂದರೆಯೂ ಇಲ್ಲ, ನಾಣ್ಯ ಅಂತ ಬೆಲೆ ಕಟ್ಟಿ ಕೊಳ್ಳುವುದು ಬೇಡ.

ಹಳೇ ನಾಣ್ಯ, ನೋಟುಗಳ ಹೆಸರಿನಲ್ಲಿ ನಮ್ಮಲ್ಲಿ ನಡೆಯುವ ಇನ್ನೊಂದು ಮೋಸವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ‘ನಿಮ್ಮ ಹಳೇ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ, ನೋಂದಣಿ ಶುಲ್ಕ ಕಟ್ಟಿ, ತೆರಿಗೆ ಕಟ್ಟಿ’ ಅಂತ ಫೋನ್ ಬರುತ್ತದೆ. ಅದಕ್ಕೆ ರಿಸರ್ವ್ ಬ್ಯಾಂಕ್ ಹೆಸರನ್ನೂ ಬಳಸುತ್ತಾರೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಶುಲ್ಕ ವಸೂಲಿ ಮಾಡಲು ಅಧಿಕಾರ ಕೊಟ್ಟಿಲ್ಲ ಅಂತ ಪ್ರಕಟಣೆಯನ್ನೇ ಹೊರಡಿಸಿತು. ಮಾರುವವರು ಮೊದಲು ದುಡ್ಡು ಕಟ್ಟಬೇಕು ಅಂತ ಯಾರು ಹೇಳಿದರೂ ಅಲ್ಲಿಗೆ ಫೋನ್ ಇಟ್ಟುಬಿಡಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರಿಗೂ ಹೇಳಿ, ಹೆಚ್ಚಾಗಿ ಸಿಕ್ಕಿಬೀಳುವವರು ಅವರೇ.

ಕನ್ನಡ ಓದಲು ಬರುವವರಿಗೆ ಇಬೇಯಲ್ಲಿ ಒಂದು ಅನುಕೂಲ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸಿನ ಮೇಲೆ ಕನ್ನಡ ಅಕ್ಷರ ಇರುತ್ತದೆ, ‘ಮಯಿಲಿ ಕಾಸು’ ಅಂತ ಬರೆದಿರುತ್ತದೆ. ಹೊರದೇಶದ ಮಾರಾಟಗಾರರಿಗೆ ಅದು ಓದಲು ಬರುವುದಿಲ್ಲ. ಸುಮ್ನೆ ಭಾರತದ ಹಳೇ ತಾಮ್ರ ಅಂತ ಹಾಕಿರುತ್ತಾರೆ, ಕೆಲವರು ಚಿತ್ರವನ್ನು ತಲೆಕೆಳಗಾಗಿಯೂ ಹಾಕಿರುತ್ತಾರೆ. ಹುಡುಕುವಾಗ ಮೈಸೂರು ಅಂತ ಮಾತ್ರ ಹುಡುಕಿದರೆ ಇವು ಸಿಗುವುದಿಲ್ಲ, ಬೆರಕೆ ಲಾಟ್‌ಗಳನ್ನು ತಾಳ್ಮೆಯಿಂದ ನೋಡಬೇಕು. ಗೊತ್ತಿಲ್ಲದವರಿಂದ ಕಡಿಮೆಗೆ ಕೊಳ್ಳುವುದು ನ್ಯಾಯವಾ ಅಂತ ಒಬ್ಬ ಗೆಳೆಯರು ಕೇಳಿದ್ದರು. ಒಬ್ಬರ ಮನೆಗೆ ಹೋಗಿ, ಬೆಲೆ ಗೊತ್ತಿಲ್ಲದ ವಯಸ್ಸಾದವರಿಂದ ಹತ್ತು ರೂಪಾಯಿಗೆ ಎತ್ತಿಕೊಂಡು ಬಂದರೆ ಅದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಹರಾಜಿನಲ್ಲಿ ಹಾಗಲ್ಲ. ಗೊತ್ತಿರುವವರು ಇಬ್ಬರು ಬಂದರೆ ಸಾಕು, ಮಾರುವವರಿಗೆ ಏನೂ ಗೊತ್ತಿರದಿದ್ದರೂ ಬೆಲೆ ತಾನಾಗಿ ಮೇಲೆ ಹೋಗುತ್ತದೆ. ಹರಾಜು ನನಗೆ ಇಷ್ಟವಾಗುವುದೇ ಇದಕ್ಕೆ. ಅದಕ್ಕೇ ಸುಳ್ಳು ಕೂಗಿನ ಮೇಲೆ ಅಷ್ಟು ಸಿಟ್ಟು.

ಸಾಗಾಣಿಕೆ, ಕಸ್ಟಮ್ಸ್ ಬಗ್ಗೆ ಚುಟುಕಾಗಿ. ಗೆದ್ದ ದರ ಕೊನೆಯ ದರವಲ್ಲ. ಸಾಗಾಣಿಕೆ, ಕಾರ್ಡಿನವರು ಹಾಕುವ ವಿನಿಮಯದ ಖರ್ಚು, ಸುಂಕ ಎಲ್ಲ ಸೇರಿಸಿ ಮಿತಿ ಬರೆದಿಟ್ಟುಕೊಳ್ಳಿ. ಗುರುತಿನ ಸಂಖ್ಯೆ ಇಲ್ಲದ ಸಾದಾ ಅಂಚೆ ಬೇಡ. ಇನ್ನು ಮಾರಲು ಹೊರಟವರು ಇದನ್ನು ಮರೆಯಬಾರದು: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ನಾವು ನೀವು ದೇಶದ ಹೊರಗೆ ಕಳಿಸುವಂತಿಲ್ಲ. ಟಿಪ್ಪುವಿನ ಆನೆ ಕಾಸು, ಕಂಠೀರಾಯ ಹಣ ಎಲ್ಲ ಇದರೊಳಗೆ ಬರುತ್ತವೆ. ಹೊರಗಿನಿಂದ ತರಿಸಿಕೊಂಡ ಹಳೇ ನಾಣ್ಯವನ್ನು ವಾಪಸ್ ಕಳಿಸಬೇಕಾದಾಗಲೂ ಈ ಪ್ರಶ್ನೆ ಏಳಬಹುದು. ನನ್ನದು 1939ರದ್ದಾದ್ದರಿಂದ ಆ ಗೋಜು ಇರಲಿಲ್ಲ.

ಮಾರುವವರ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಈ ವಿಮರ್ಶೆಯೇ ಅನ್ಯಾಯವಾಗುತ್ತದೆ. ಹೆಚ್ಚಿನ ವಿಭಾಗಗಳಲ್ಲಿ ಅಮೆರಿಕದ ಇಬೇ ಮಾರಿದ ಮೊತ್ತದ 13 ಶೇಕಡಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತದೆ, ಸಾಗಾಣಿಕೆಗೆ ಗಿರಾಕಿ ಕೊಟ್ಟ ದುಡ್ಡಿನ ಮೇಲೂ. ಗಿರಾಕಿ ಹೇಳಿದಂತೆ ಇಲ್ಲ ಅಂದರೆ ಹೆಚ್ಚಾಗಿ ತೀರ್ಪು ಗಿರಾಕಿ ಕಡೆಗೇ. ಅಸಲಿ ಇಟ್ಟುಕೊಂಡು ಬೇರೆ ಸವೆದ ನಾಣ್ಯ ವಾಪಸ್ ಕಳಿಸುವ ಗಿರಾಕಿಗಳಿದ್ದಾರೆ, ಅವರ ಮೇಲೆ ಕೆಟ್ಟ ಅಂಕ ಬರೆಯಲೂ ಮಾರುವವರಿಗೆ ಅವಕಾಶ ಇಲ್ಲ. ನನಗೆ ಪರಿಚಯದ ಪ್ರಾಮಾಣಿಕ ವ್ಯಾಪಾರಿಗಳು ಹರಾಜು ಬಿಟ್ಟು ನಿಗದಿತ ಬೆಲೆಗೆ ಹೋದದ್ದು, ಕೆಲವರು ಭಾರತಕ್ಕೆ ಕಳಿಸುವುದನ್ನೇ ನಿಲ್ಲಿಸಿದ್ದು ಇದಕ್ಕೇ. ಅಂಥ ಗಿರಾಕಿಗಳ ಪಾಪವನ್ನು ಉಳಿದ ನಾವು ಹೊರುತ್ತಿದ್ದೇವೆ.

ಬದಲಿಗೆ ಏನಿದೆ? ಇಲ್ಲಿ ವಾಟ್ಸಾಪ್ ಗುಂಪುಗಳ ಹರಾಜು ಜೋರಾಗಿದೆ. ಬೇಸ್ ಅಂದರೆ ಶುರುವಿನ ದರ 200 ರೂಪಾಯಿ, ಏರಿಕೆ 20, ರಾತ್ರಿ ಹತ್ತಕ್ಕೆ ಮುಕ್ತಾಯ, ಕೊನೆಯಲ್ಲಿ ಬಿಡ್ ಬಂದರೆ ಐದು ನಿಮಿಷ ಮುಂದಕ್ಕೆ. ನೋಡಿ, ಇಬೇಗೆ ಇಲ್ಲದ ನಿಯಮ ಇಲ್ಲಿನ ಹುಡುಗರ ಗುಂಪಿನಲ್ಲಿದೆ. ಕೂಗುವವರ ಹೆಸರೂ ಎಲ್ಲರಿಗೂ ಕಾಣುತ್ತದೆ. ದರದ ನ್ಯಾಯದಲ್ಲಿ ಒಳ್ಳೆಯ ಗುಂಪು ಇಬೇಗಿಂತ ಮೇಲು ಅಂತ ನನಗೆ ಅನುಮಾನವೇ ಇಲ್ಲ. ಆದರೆ ದುಡ್ಡಿಗೆ ಕಾವಲಿಲ್ಲ. ಯುಪಿಐನಲ್ಲಿ ಮೊದಲು ಕಳಿಸಬೇಕು, ನಾಣ್ಯ ಬರದಿದ್ದರೆ ಅಡ್ಮಿನ್ ಆ ವ್ಯಕ್ತಿಯನ್ನು ಗುಂಪಿನಿಂದ ತೆಗೆಯಬಹುದು ಅಷ್ಟೇ, ದುಡ್ಡು ತರಿಸಿಕೊಡಲು ಆಗುವುದಿಲ್ಲ. ಇನ್ನು ಮುಂಬೈನ ಟೋಡಿವಾಲಾ, ಬೆಂಗಳೂರಿನ ಮರುಧರ್ ಆರ್ಟ್ಸ್ ತರಹದ ಹರಾಜು ಸಂಸ್ಥೆಗಳು ತೂಕ, ಅಚ್ಚು, ಸ್ಥಿತಿ ಎಲ್ಲ ಬರೆದ ಕ್ಯಾಟಲಾಗ್ ಹೊರಡಿಸಿ ಹರಾಜು ಹಾಕುತ್ತವೆ, ಆನ್‌ಲೈನಿನಲ್ಲೂ ಬಿಡ್ ಹಾಕಬಹುದು. ಮೊದಲೇ ಹೋಗಿ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಇರುವುದು ದೊಡ್ಡ ವಿಷಯ. ಕೂಗಿದ ದರದ ಮೇಲೆ ಸಂಸ್ಥೆಯ ಕಮಿಷನ್ನು, ಜಿಎಸ್‌ಟಿ ಸೇರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ನಾನು ಹಂಚಿಕೊಂಡಿರುವುದು ಹೀಗೆ. ಬೆಲೆಬಾಳುವ, ನಕಲಿಗೆ ಹೆಸರಾದ ನಾಣ್ಯ ಆದರೆ ಹರಾಜು ಸಂಸ್ಥೆ, ಕಣ್ಣಾರೆ ನೋಡಿ. ಐನೂರೋ ಸಾವಿರವೋ ರೂಪಾಯಿಯ ಒಳಗಿನದು, ಮಾರುವವರು ಮುಖ ಪರಿಚಯದವರಾದರೆ ವಾಟ್ಸಾಪ್ ಗುಂಪು. ಇಲ್ಲಿ ಸಿಗದ, ಹೊರದೇಶದಲ್ಲೇ ಉಳಿದುಹೋದ ರೂಪಾಯಿಗೆ ಇಬೇ. ದುಡ್ಡಿನ ಭದ್ರತೆಗೆ ಇಬೇಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಹರಾಜಿನ ನ್ಯಾಯಕ್ಕೆ ಎರಡು. ಬಿಡ್ ಹಾಕುವ ಮುಂಚೆ ಹುಡುಕಾಟದಲ್ಲಿ ‘ಸೋಲ್ಡ್ ಐಟಮ್ಸ್’ ಅನ್ನುವ ಗುಂಡಿ ಒತ್ತಿ, ಅದೇ ನಾಣ್ಯ ಕಳೆದ ಮೂರು ತಿಂಗಳಲ್ಲಿ ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ನೋಡಿ. ಒಂದೇ ಚಿತ್ರದ ಅದೇ ನಾಣ್ಯ ಅಲ್ಲಿ ಎರಡು ಸಲ ‘ಮಾರಾಟವಾಗಿ’ ಮತ್ತೆ ಹರಾಜಿಗೆ ಬಂದಿದ್ದರೆ, ಆ ಮಾರಾಟಗಾರರನ್ನು ಬಿಟ್ಟು ಮುಂದಿನ ಲಾಟ್ ನೋಡಿ.